ನಾಲ್ಕನೇ ಜಾಗ

ಭಾನುವಾರ, ಬಿಸಿಲೇರುವ ಮುಂಚೆ
ಗಳುವಿನ ತುದಿಗೆ ಚೊಂಬು ಕಟ್ಟಿಕೊಂಡು ಹೊರಡುತ್ತೇವೆ:
ಗುರ್ರಮ್ಮ ಮುಂದೆ, ಕುರಿ ಕಾಯುವ ನರೆಪ್ಪ ಹಿಂದೆ,
ಎಂಟನೇ ಕ್ಲಾಸಿನ ಹುಡುಗಿಯರಿಬ್ಬರು ಪೆನ್ನಿಗಾಗಿ ಜಗಳವಾಡುತ್ತ,
ನಡುವೆ ನಾನು, ಪುಸ್ತಕ ಹಿಡಿದ ಫರ್ಜಾನಾ.

ನಕ್ಷೆಯಲ್ಲಿ ಅದಕ್ಕೆ ಪಾಪಾಗ್ನಿ ಅಂತ ದೊಡ್ಡ ಹೆಸರು.
ನಮ್ಮ ಬಾಯಲ್ಲಿ ಬರೀ ವಂಕ.
ಪಾಪ ಕಳೆಯುವವಳಂತೆ.
ಪಾಪ ಹಾಗಿರಲಿ, ಸೋಪಿನ ನೊರೆ ಕಳೆಯಲಿಕ್ಕೂ
ಅವಳಲ್ಲಿ ಈಗ ಕಸುವಿಲ್ಲ, ಅನ್ನುತ್ತಾಳೆ ಗುರ್ರಮ್ಮ,
ಎಲೆಯಡಿಕೆ ನೀರಿಗೆ ಉಗಿಯಲು ಹೋಗಿ
ಏನೋ ನೆನಪಾಗಿ, ತಿರುಗಿ ಬೇಲಿಗೆ ಉಗಿದು.

ಶಿಡ್ಲಘಟ್ಟದಿಂದ ಬಂದ ಮೇಷ್ಟ್ರು ಕಲಿಸಿದ್ದರು:
ಮೂಗನ್ನು ನಂಬಿ, ಆದರೆ ಮೂಗು ಹೇಳಿದ್ದನ್ನು ಬರೆಯಬೇಡಿ.
ಬಣ್ಣ ನೋಡಿ, ಗಡಿಯಾರ ನೋಡಿ, ಆಮೇಲೆ ಬರೆಯಿರಿ.
ಪಟ್ಟಿ ಹಳದಿಯೋ ಹಸಿರೋ ಎಂದು ನಾವು
ಸೀರೆ ಅಂಗಡಿಯಲ್ಲಿ ನಿಂತವರ ಹಾಗೆ
ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ವಾದಿಸಿದ್ದೇ ವಾದಿಸಿದ್ದು.

ಫೆಬ್ರವರಿಯಿಂದ ಜುಲೈವರೆಗೆ ಪುಸ್ತಕದಲ್ಲಿ ಒಂದೇ ಸಾಲು.
ಹರಿವು: ಇಲ್ಲ. ಹರಿವು: ಇಲ್ಲ.
ನೀರೇ ಇಲ್ಲದ ಮೇಲೆ ಹಾಳೆ ಯಾಕೆ ದಂಡ, ಅಂದರು ಪಂಚಾಯ್ತಿಯವರು.
ಗುರ್ರಮ್ಮನಿಗೆ ಅಕ್ಷರ ಬಾರದು. ಆದರೂ ಅಂದಳು:
‘ಚೀಟಿ ದುಡ್ಡು ಕಟ್ಟದವರ ಹೆಸರೂ ಬರೀತೀವಲ್ಲ ಸಾಮಿ,
ಇಲ್ಲ ಅನ್ನೋದೂ ಒಂದು ಲೆಕ್ಕವೇ.’

ಆಗಸ್ಟಿನಲ್ಲಿ ಮಳೆ ಬಂತು. ಮರಳಿನ ಮೇಲೆ
ಮೊಣಕಾಲುದ್ದ ಕೆಂಪು ನೀರು.
ಐದು ಜಾಗ, ಐದು ಪುಟ್ಟ ಶೀಸೆ.
ಬೆಚ್ಚಗಿಟ್ಟು ಎರಡು ದಿನ ಕಾಯಬೇಕು,
ಕಪ್ಪಾದರೆ ಕೆಟ್ಟಿದೆ ಅಂತ ಅರ್ಥ.
ಊರಲ್ಲಿ ಸದಾ ಬೆಚ್ಚಗಿರುವ ಜಾಗ ಯಾವುದು?
ನಮ್ಮದೇ. ಗೂಡು ಬೇಯಿಸುವ ಒಲೆಯ ಹಿಂದಿನ ಗೋಡೆ.
ಹಳೇ ದುಪಟ್ಟಾದಲ್ಲಿ ಸುತ್ತಿ ಮಲಗಿಸಿದೆ ಐದನ್ನೂ,
ಒಂದೇ ಬಸಿರಲ್ಲಿ ಹುಟ್ಟಿದವುಗಳ ಹಾಗೆ.

ಮೂರನೇ ಜಾಗ ನಮ್ಮ ಬೀದಿಗಿಂತ ಮೇಲೆ.
ನಾಲ್ಕನೆಯದು ನಮ್ಮ ಬೀದಿಯ ಮೋರಿ ಸೇರುವಲ್ಲಿ.

ಸೋಮವಾರ ಬೆಳಗ್ಗೆ ದುಪಟ್ಟಾದಲ್ಲಿ ನಾಲ್ಕೇ ಶೀಸೆ.
ಐದನೆಯದು ಹಿತ್ತಿಲ ಕಿಟಕಿಯಲ್ಲಿ, ತಣ್ಣನೆ ಕಲ್ಲಿನ ಮೇಲೆ.
ಮೈದುನ ಇಮ್ದಾದ್ ನೂಲಿನಿಂದ ಕಣ್ಣೆತ್ತಲಿಲ್ಲ.
ರಾಟೆ ತಿರುಗುತ್ತಲೇ ಇತ್ತು.
ತಣ್ಣಗಿದ್ದರೆ ಕಪ್ಪು ತಡವಾಗಿ ಬರುತ್ತದೆ
ಅಂತ ಅವನಿಗೆ ಹೇಳಿಕೊಟ್ಟವಳೂ ನಾನೇ,
ಊಟಕ್ಕೆ ಕೂತಾಗ, ದೊಡ್ಡದಾಗಿ, ಜಂಬದಿಂದ.

ನಾನೂ ಏನೂ ಕೇಳಲಿಲ್ಲ.
ಹತ್ತು ಬೇಸಿನ್‌ಗಳಲ್ಲಿ ಗೂಡು ಕುದಿಯುತ್ತಿದ್ದವು.
ಹತ್ತು ಮನೆಯ ಅನ್ನ ಕುದಿಯುತ್ತಿತ್ತು.
ಮಗಳ ಫೀಸು, ಅತ್ತೆಯ ಕಣ್ಣಿನ ಮದ್ದು
ಆ ಹಬೆಯಲ್ಲೇ ಇದ್ದವು.
ಬೆಂದ ಹುಳದ ನೀರೋ, ಕಕ್ಕಸಿನ ನೀರೋ
ಆ ಶೀಸೆ ಹೇಳುವುದಿಲ್ಲ; ಯಾರ ಮನೆಯದು ಎಂದಂತೂ ಹೇಳುವುದೇ ಇಲ್ಲ.
ನನಗೆ ಮಾತ್ರ ಗೊತ್ತು, ಮೋರಿಯ ಒಂದೊಂದು ತಿರುವೂ.

ಗುರುವಾರ ಅದು ಕಪ್ಪಾಯಿತು.
ಕಾಡಿಗೆ ಡಬ್ಬಿಯ ಹಾಗೆ, ತಳದಿಂದ ಮೇಲಕ್ಕೆ.

ಬರೆದೆ: ಜಾಗ ನಾಲ್ಕು. ಕಪ್ಪು. ಎರಡು ದಿನ ತಡ.
ಕಾರಣ ಅಂತ ಒಂದು ಖಾನೆ ಇದೆ ಪುಸ್ತಕದಲ್ಲಿ.
ಪೆನ್ನು ಅಲ್ಲಿ ತುಂಬಾ ಹೊತ್ತು ನಿಂತಿತು.
ಶೀಸೆ ಜಾಗ ಬದಲಾಗಿತ್ತು, ಅಂತಷ್ಟೇ ಬರೆದೆ.
ಬದಲಾಯಿಸಿದ ಕೈಗೆ ಖಾನೆ ಇರಲಿಲ್ಲ.

ಮುಂದಿನ ಭಾನುವಾರ ಗುರ್ರಮ್ಮ ಎಂದಿನಂತೆ
ಹೋದ ವಾರದ್ದು ಓದಿಸಿಕೊಂಡಳು.
ಓದಿದೆ. ನಾಲ್ಕನ್ನೂ ಓದಿದೆ.
ಹುಡುಗಿಯರು ಜಗಳ ನಿಲ್ಲಿಸಿದರು.
ನರೆಪ್ಪ ಕಾರಣವಿಲ್ಲದೆ ಕುರಿಗಳನ್ನು ಕೂಗಿದ.
ಅವಳು ಗಳುವನ್ನು ನನ್ನ ಕೈಗಿಟ್ಟಳು:
‘ನಾಲ್ಕಕ್ಕೆ ಇವತ್ತು ನೀನೇ ಇಳಿ ತಾಯಿ.’

ಚಪ್ಪಲಿ ಬಿಟ್ಟು ಇಳಿದೆ.
ಬಿಸಿ ಗೂಡಿನ ವಾಸನೆ, ಮದುವೆಯಾಗಿ ಬಂದ ದಿನ
ಬಾಗಿಲಲ್ಲೇ ಎದುರುಗೊಂಡಿದ್ದ ವಾಸನೆ,
ಮೊಣಕಾಲ ಸುತ್ತ ನಿಧಾನವಾಗಿ ಸುತ್ತುತ್ತಿತ್ತು.
ಮೂಗನ್ನು ನಂಬಿದೆ.
ಬರೆಯಲಿಲ್ಲ.
ಚೊಂಬು ಮುಳುಗಿಸಿದೆ.